ಮಂಜಿನೊಳಗಿನ ಸಾಲು

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಇದನ್ನ ಎಷ್ಟು ಹೊತ್ತಾದ್ಮೇಲೆ ಬರೆದಿಟ್ರಿ?" ಎಂಬುದು. ಹೆಚ್ಚಿನವರು ಬರೆದೇ ಇಟ್ಟಿರುತ್ತಿರಲಿಲ್ಲ. ಅಲ್ಲಿಗೆ ನನ್ನ ಮಟ್ಟಿಗೆ ವಿಚಾರಣೆ ಮುಗಿದಂತೆ. ಸಿಂಗಪುರದ ನಮ್ಮ ಕನ್ನಡ ಗೆಳೆಯರ ಕೂಟಗಳಲ್ಲಿ, ಊಟವಾಗಿ ಎಲ್ಲರೂ ಸೋಫಾಕ್ಕೆ ಒರಗಿದ ಮೇಲೆ, ಯಾರದೋ ಚಿಕ್ಕಪ್ಪನಿಗೆ ರಸ್ತೆ ತಿರುವಿನಲ್ಲಿ ಬಿಳಿ ಸೀರೆ ಕಂಡದ್ದು, ಯಾರದೋ ಅತ್ತೆಗೆ ಕನಸಿನಲ್ಲಿ ಸಾವಿನ ಸುದ್ದಿ ಮೊದಲೇ ಬಂದದ್ದು ಇಂಥ ಕತೆಗಳು ಶುರುವಾಗುತ್ತವಲ್ಲ, ಅವನ್ನೆಲ್ಲ ಅರ್ಧಕ್ಕೇ ಕೆಡಿಸುತ್ತಿದ್ದವನು ನಾನು. ಮಕ್ಕಳು ನನಗೆ ಸ್ಪಾಯ್ಲರ್ ಅಂಕಲ್ ಎಂದೇ ಹೆಸರಿಟ್ಟಿದ್ದವು.

ನಾನು ಓದಿದ್ದು ಭೌತಶಾಸ್ತ್ರ. ಕೆಲಸ ಕಾಕಿ ಬುಕಿತ್‌ನ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಕಾರ್ಖಾನೆಗಳಿಂದ ಬರುವ ಥರ್ಮಾಮೀಟರು, ತಕ್ಕಡಿ, ಒತ್ತಡ ಅಳೆಯುವ ಗೇಜುಗಳನ್ನು ನಂಬಬಹುದಾದ ಇನ್ನೊಂದು ಉಪಕರಣದ ಪಕ್ಕದಲ್ಲಿಟ್ಟು, ಅವು ಎಷ್ಟು ಸುಳ್ಳು ಹೇಳುತ್ತಿವೆ ಎಂದು ಬರೆದುಕೊಡುತ್ತೇವೆ. ಎಲ್ಲ ಉಪಕರಣವೂ ಸ್ವಲ್ಪ ಸುಳ್ಳು ಹೇಳುತ್ತದೆ, ಹಳೆಯದಾದಷ್ಟೂ ಹೆಚ್ಚು. ಮನುಷ್ಯನ ನೆನಪು ಅವೆಲ್ಲಕ್ಕಿಂತ ಕಳಪೆ ಎಂದು ನಂಬಿದ್ದೆ. ಈಗಲೂ ನಂಬಿದ್ದೇನೆ. ಈ ಬರಹದ ತೊಂದರೆ ಇರುವುದೇ ಅಲ್ಲಿ. ಕೆಲವು ವರ್ಷಗಳ ಹಿಂದೆ ಉತ್ತರ ಧ್ರುವದ ಕಡೆಯ ಒಂದು ಫಿಯೋರ್ಡಿನಲ್ಲಿ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ತೋಳಿನಲ್ಲಿ, ನಡೆದದ್ದನ್ನು ಹೇಳಹೊರಟಿರುವ ನನ್ನ ಬಳಿ ಇರುವ ಮುಖ್ಯ ಸಾಕ್ಷಿಯೂ ಆ ಕಳಪೆ ಉಪಕರಣವೇ. ಆದರೂ ಹೇಳುತ್ತೇನೆ. ಆ ದಿನ ನಾವು ಗೆದ್ದೆವು. ಹೇಗೆ ಗೆದ್ದೆವು ಎಂಬುದಷ್ಟೇ ನನಗೆ ಗೊತ್ತಿಲ್ಲ.

ನಮ್ಮನ್ನು ಅಲ್ಲಿಗೆ ಎಳೆದೊಯ್ದವರು ಮೂರ್ತಿ ಅಂಕಲ್. ಕಲ್ಲಾಂಗ್‌ನಲ್ಲಿ ನಮ್ಮದೇ ಬ್ಲಾಕಿನ ಒಂಬತ್ತನೆಯ ಮಹಡಿಯಲ್ಲಿರುತ್ತಾರೆ. ನಲವತ್ತು ವರ್ಷಗಳ ಹಿಂದೆ ಮೈಸೂರಿನಿಂದ ಬಂದು ಇಲ್ಲಿನ ಹಡಗು ರಿಪೇರಿ ಯಾರ್ಡಿನಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸಕ್ಕೆ ಸೇರಿದವರು. ಹಿಮ ಸೀಳಿಕೊಂಡು ಹೋಗುವ ಹಡಗುಗಳು ರಿಪೇರಿಗೆ ಬಂದಾಗ ಅವುಗಳ ಹೊಟ್ಟೆಯ ಕೆಳಗೆ ಟಾರ್ಚು ಹಿಡಿದು ತೆವಳಿದವರು. "ಅಷ್ಟು ದಪ್ಪ ಕಬ್ಬಿಣ, ದೋಸೆ ಥರ ಮಡಚ್ಕೊಂಡು ಬರ್ತಿತ್ತು ಲಾ. ಅದನ್ನ ಹಾಗೆ ಮಡಚಿದ ಐಸ್ ಹೆಂಗಿರತ್ತೆ ಅಂತ ಒಂದ್ಸಲ ನೋಡ್ಬೇಕಪ್ಪಾ" ಎಂದು, ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ, ಬಹುಕಾಲದಿಂದ ಹೇಳುತ್ತಿದ್ದರು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಎರಡೂ ಮಂಡಿ ಬದಲಾಯಿಸಿಕೊಂಡ ಮೇಲೆ, ನೋಡಿಯೇ ತೀರುವುದೆಂದು ಹೊರಟರು. ಅವರ ವಯಸ್ಸಿಗೆ ಜೊತೆಗಾರರು ಬೇಕೇಬೇಕು ಎಂದು ಹಡಗಿನವರು ಹೇಳಿದರು. ನನ್ನ ಹೆಂಡತಿ ವೀಣಾ ನನ್ನನ್ನು ಕೇಳದೆ ಒಪ್ಪಿಕೊಂಡಳು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸಿಂಗಪುರದವರಿಗೆ ಕ್ಯೂ ಎಂದರೆ ಒಂದು ಆಕರ್ಷಣೆ. ಉದ್ದನೆಯ ಸಾಲು ಕಂಡರೆ ಮೊದಲು ಹಿಂದೆ ಹೋಗಿ ನಿಲ್ಲುತ್ತಾರೆ, ಆಮೇಲೆ ಮುಂದಿನವರನ್ನು ಇದು ಯಾವುದರ ಕ್ಯೂ ಎಂದು ಕೇಳುತ್ತಾರೆ. ಇಷ್ಟು ಜನ ನಿಂತಿದ್ದಾರೆಂದರೆ ಮುಂದೆ ಏನೋ ಒಳ್ಳೆಯದೇ ಇರಬೇಕು ಎಂಬ ಲೆಕ್ಕ. ಮೂರ್ತಿ ಅಂಕಲ್ ಈ ವಿದ್ಯೆಯಲ್ಲಿ ಪಳಗಿದವರು. ವೀಣಾಳೂ ಕಲಿತುಬಿಟ್ಟಿದ್ದಳು. ನನಗೆ ಮಾತ್ರ ಬರಲಿಲ್ಲ. ಐದು ನಿಮಿಷ ನಿಂತರೆ ನನ್ನ ಕಾಲಿಗೆ ಇರುವೆ ಕಚ್ಚಿದಂತಾಗುತ್ತದೆ. ಸಾಲಿನಿಂದ ಹೊರಬಂದು ಮುಂದೆ ಏನಾಗುತ್ತಿದೆ ಎಂದು ನೋಡಿ ಬರುತ್ತೇನೆ, ಪಕ್ಕದ ಸಾಲಿಗೆ ಹಾರುತ್ತೇನೆ, ಎರಡೂ ಕಳೆದುಕೊಂಡು, ಹಾಕರ್ ಸೆಂಟರಿನ ಅಷ್ಟೂ ತಿಂಡಿ ಅಂಗಡಿಗಳಲ್ಲಿ ಯಾರೂ ಹೋಗದ ಒಂದರ ಒಣ ನೂಡಲ್ಸ್ ತಿನ್ನುತ್ತೇನೆ. "ನಿಮ್ಮನ್ನ ಹಾಕರ್ ಸೆಂಟರಿಗೆ ಕರ್ಕೊಂಡು ಬರೋದೂ ಒಂದೇ, ಕೋತಿನ ಕರ್ಕೊಂಡು ಬರೋದೂ ಒಂದೇ" ಎನ್ನುತ್ತಿದ್ದಳು ವೀಣಾ.

ಹಡಗು ಸಣ್ಣದು, ನೂರರ ಒಳಗೆ ಪ್ರಯಾಣಿಕರು. ನಾರ್ವೆಗೂ ಉತ್ತರದಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಸುತ್ತ ಹತ್ತು ದಿನದ ಪಯಣ. ತಿಂಗಳು ಜೂನ್. ಸೂರ್ಯ ಮುಳುಗುವುದೇ ಇಲ್ಲ. ಆದರೆ ಅವನನ್ನು ನೋಡಿದವರೂ ಇಲ್ಲ, ಅಂಥ ಹವಾಮಾನ. ಮೊದಲ ನಾಲ್ಕು ದಿನ ಗಾಳಿ, ಹಿಮದ ತುಂತುರು, ಅಡ್ಡಡ್ಡ ಹೊಯ್ದಾಡುವ ಹಡಗು. ದಡಕ್ಕಿಳಿಯುವ ಕಾರ್ಯಕ್ರಮ ಮೂರು ಸಲ ರದ್ದಾಯಿತು. ಜನ ಕ್ಯಾಬಿನ್ನುಗಳಲ್ಲಿ ನರಳುತ್ತ ಮಲಗಿದ್ದರೆ ಮೂರ್ತಿ ಅಂಕಲ್ ಮಾತ್ರ ಮೇಲಿನ ಡೆಕ್ಕಿನಲ್ಲಿ ಕಂಬಿ ಹಿಡಿದು ನಿಂತು, ತೇಲುವ ಹಿಮಗಡ್ಡೆಗಳು ಹಡಗಿಗೆ ತಾಗಿದಾಗಲೆಲ್ಲ ಆ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಸದ್ದು ಕೇಳಿಯೇ ತಗಡಿನ ದಪ್ಪ ಹೇಳುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ಗಾಳಿ ಸ್ವಲ್ಪ ಇಳಿಯಿತು. ತಂಡದ ಮುಖ್ಯಸ್ಥ ಎರಿಕ್, ಎರಡು ಗಂಟೆ ಸಿಗಬಹುದು, ಇಳಿಯೋಣ ಎಂದ. ನಾವಿದ್ದದ್ದು ಒಂದು ಫಿಯೋರ್ಡಿನ ತುದಿಯಲ್ಲಿ. ಎರಡು ಕಡೆ ಕಪ್ಪು ಬಂಡೆಯ ಗೋಡೆ, ಎದುರಿಗೆ ಸಮುದ್ರಕ್ಕೆ ಬಂದು ಮುರಿದು ಬೀಳುವ ನೀಲಿ ಹಿಮನದಿ. ಇಳಿಯುವ ಬಾಗಿಲಲ್ಲಿ ಒಂದು ಬೋರ್ಡು, ಅದರಲ್ಲಿ ನಂಬರು ಹಾಕಿದ ಬಿಲ್ಲೆಗಳು. ಇಳಿಯುವಾಗ ನಮ್ಮ ಬಿಲ್ಲೆಯನ್ನು ಕೆಂಪು ಬದಿಗೆ ತಿರುಗಿಸಬೇಕು, ಹತ್ತಿದ ಮೇಲೆ ಬಿಳಿ ಬದಿಗೆ. ಕೆಂಪು ಉಳಿದಿದ್ದರೆ ಯಾರೋ ಇನ್ನೂ ದಡದಲ್ಲಿದ್ದಾರೆ ಎಂದರ್ಥ. ನಮ್ಮವು ಅರವತ್ತೊಂದು, ಅರವತ್ತೆರಡು, ಅರವತ್ತಮೂರು. ಎಲ್ಲರಿಗೂ ಹಡಗಿನವರೇ ಕೊಟ್ಟ ಒಂದೇ ಥರದ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ಟು. ಟೊಪ್ಪಿ ಎಳೆದುಕೊಂಡರೆ ಗಂಡೋ ಹೆಣ್ಣೋ ಗೊತ್ತಾಗದು.

ರಬ್ಬರ್ ದೋಣಿಗಳಲ್ಲಿ ದಡ ಸೇರಿದ ಮೇಲೆ ಎರಡು ಗುಂಪು ಮಾಡಿದರು. ನಡೆಯಬಲ್ಲವರದು ಮುಂದೆ, ನಿಧಾನಿಗಳದು ಹಿಂದೆ. ಹಿಮಕರಡಿಯ ಭಯಕ್ಕೆ ಪ್ರತಿ ಗುಂಪಿನ ಮುಂದೊಬ್ಬ, ಹಿಂದೊಬ್ಬ ಗೈಡ್, ಹೆಗಲಲ್ಲಿ ಕೋವಿ. ಮೂರ್ತಿ ಅಂಕಲ್ ನಿಧಾನಿಗಳ ಗುಂಪಿಗೆ ಸೇರಲು ಒಪ್ಪಲಿಲ್ಲ. "ಹೊಸ ಮಂಡಿ ಕಣಯ್ಯಾ, ನಿನ್ನ ಮಂಡಿಗಿಂತ ಮೂವತ್ತು ವರ್ಷ ಚಿಕ್ಕದು" ಎಂದರು. ಜಲ್ಲಿಕಲ್ಲಿನ ದಿಬ್ಬದ ಮೇಲೆ ನಡೆದು, ಹಿಮನದಿ ಚೆನ್ನಾಗಿ ಕಾಣುವ ಜಾಗ ತಲುಪಿದೆವು. ಅಂಕಲ್ ಅಲ್ಲಿ ಟೊಪ್ಪಿ ಹಿಂದೆ ಸರಿಸಿ ನಿಂತರು. ನಲವತ್ತು ವರ್ಷ ಗಾಯ ನೋಡಿದ ಮನುಷ್ಯ ಕೊನೆಗೆ ಹೊಡೆದವನನ್ನು ನೋಡುತ್ತಿದ್ದ. ಅವರ ಕಣ್ಣಲ್ಲಿ ನೀರಿತ್ತು, ಗಾಳಿಗೆ ಎಂದರು.

ವಾಪಸು ಬರುವಾಗ ಅವರ ಕಾಲು ಕರಗಿದ ನೀರಿನ ಒಂದು ಹಳ್ಳಕ್ಕೆ ಇಳಿದು ತೊಡೆಯ ತನಕ ಒದ್ದೆಯಾಗಿ ಬೂಟಿನೊಳಗೆ ನೀರು ತುಂಬಿತು. ಬೂಟು ಬಿಚ್ಚಿ ನೀರು ಸುರಿದು, ಸಾಕ್ಸು ಹಿಂಡಬೇಕಾಯಿತು. ಗುಂಪಿನ ಕೊನೆಯಲ್ಲಿದ್ದ ಗೈಡ್ ನಿಂತು ನಮ್ಮನ್ನೇ ನೋಡುತ್ತಿದ್ದಳು. ಆಗ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. "ನೀವು ಹೋಗಿ, ಹಿಂದೆ ಬರುವ ಗುಂಪಿನ ಜೊತೆ ಬರುತ್ತೇವೆ" ಎಂದು ಕೂಗಿ ಹೇಳಿದೆ. ಆ ಗುಂಪು ನಮ್ಮ ಹಿಂದೆಯೇ ಇದೆಯೆಂದು ನನಗೆ ಸಂಶಯವೇ ಇರಲಿಲ್ಲ, ಸ್ವಲ್ಪ ಹೊತ್ತಿನ ಮುಂಚೆ ನೋಡಿದ್ದೆನಲ್ಲ! ಅವಳು ರೇಡಿಯೋದಲ್ಲಿ ಏನೋ ಹೇಳಿ, ಉತ್ತರ ಬಂದಂತೆ ಅನಿಸಿ, ಕೈ ಎತ್ತಿ ಹೊರಟಳು. ಗಾಳಿಯ ಲಕ್ಷಣ ನೋಡಿ ನಿಧಾನಿಗಳ ಗುಂಪು ಆಗಲೇ ಕೆಳಗಿನ ದಾರಿಯಿಂದ ದೋಣಿಗಳ ಕಡೆ ಹೋಗಿಬಿಟ್ಟಿತ್ತು. ಅವರು ನಾವು ಮುಂದಿದ್ದೇವೆ ಎಂದುಕೊಂಡರು, ಇವರು ಹಿಂದಿದ್ದೇವೆ ಎಂದುಕೊಂಡರು.

ಬೂಟು ಹಾಕಿ ಏಳುವಷ್ಟರಲ್ಲಿ ಮಂಜು ಬಂತು. ನಿಧಾನವಾಗಿ ಕವಿಯಲಿಲ್ಲ. ಯಾರೋ ಬಾಗಿಲು ಮುಚ್ಚಿದ ಹಾಗೆ ಬಂತು. ಚಾಚಿದ ನನ್ನ ಕೈ ಬೆರಳು ಕಾಣುತ್ತಿತ್ತು, ಅದರಾಚೆ ಹತ್ತು ಹದಿನೈದು ಹೆಜ್ಜೆ ಮಬ್ಬು, ಆಮೇಲೆ ಏನೂ ಇಲ್ಲ. ಜೊತೆಗೆ ಹಿಮನದಿಯ ಕಡೆಯಿಂದ ಗಾಳಿ. ಲೈಫ್ ಜಾಕೆಟ್ಟಿನ ಸೀಟಿ ಊದಿದೆವು. ಗಾಳಿ ಅದನ್ನು ನಮ್ಮ ಬಾಯಿಂದಲೇ ಕಿತ್ತುಕೊಂಡು ಹೋಯಿತು. ಹಡಗು ಹಾರ್ನ್ ಹೊಡೆಯತೊಡಗಿತು. ಆದರೆ ಎರಡು ಕಡೆಯ ಬಂಡೆಗಳಿಗೆ ಬಡಿದು ಅದು ಮೂರು ದಿಕ್ಕಿನಿಂದ ಕೇಳುತ್ತಿತ್ತು. ಕಳೆದುಹೋದರೆ ಇದ್ದಲ್ಲೇ ಇರಬೇಕು ಎಂದು ಹೇಳಿಕೊಟ್ಟಿದ್ದರು. ಬಂಡೆಯೊಂದರ ಮರೆಗೆ ಕೂತು ಅಂಕಲನ್ನು ನಡುವೆ ಹಾಕಿಕೊಂಡು ಕಾದೆವು.

ಎಷ್ಟು ಹೊತ್ತು? ಇಪ್ಪತ್ತು ನಿಮಿಷ ಎಂದು ನನ್ನ ನೆನಪು. ನಲವತ್ತಕ್ಕೆ ಕಡಿಮೆ ಇಲ್ಲ ಎನ್ನುತ್ತಾಳೆ ವೀಣಾ. ಅಂಕಲ್ ಮೊದಲು ತಮಾಷೆ ಮಾಡುತ್ತಿದ್ದರು. ಆಮೇಲೆ ಹಲ್ಲು ಕಟಕಟಿಸಿತು. ಆಮೇಲೆ ಹಲ್ಲಿನ ಸದ್ದು ನಿಂತಿತು, ಅದೇ ನನಗೆ ಭಯ ಹುಟ್ಟಿಸಿದ್ದು. ಮಾತು ತೊದಲತೊಡಗಿತು. "ಸ್ವಲ್ಪ ಮಲ್ಕೋತೀನಿ, ಆಮೇಲೆ ಹೋಗೋಣ" ಎಂದರು. ಚಳಿಗೆ ಸಿಕ್ಕವನು ನಡುಗುವುದು ನಿಲ್ಲಿಸಿದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಇದ್ದಲ್ಲೇ ಇದ್ದರೆ ಅವರು ಉಳಿಯುವುದಿಲ್ಲ. ಹೊರಟರೆ ಯಾವ ಕಡೆ ಎಂದು ತಿಳಿಯದು.

ನಾನೊಬ್ಬನೇ ಹೋಗಿ ದಾರಿ ನೋಡಿ ಬರುತ್ತೇನೆ ಎಂದೆ. ವೀಣಾ ನನ್ನ ಜಾಕೆಟ್ಟು ಹಿಡಿದಳು. "ನೀವೂ ಕಳೆದುಹೋದ್ರೆ ನಾನು ಇಲ್ಲಿ ಯಾರ್ನ ಅಂತ ಹುಡುಕ್ಲಿ? ಕೂತ್ಕೊಳ್ರೀ!" ಆ ಜಗಳದ ನಡುವೆ ತಲೆಯೆತ್ತಿ ನೋಡಿದವರು ಮೂರ್ತಿ ಅಂಕಲ್.

"ಅಲ್ನೋಡು, ಕ್ಯೂ" ಎಂದರು.

ಬಂಡೆಯಾಚೆ, ಮಂಜಿನೊಳಗೆ, ಕಿತ್ತಳೆ ಜಾಕೆಟ್ಟುಗಳ ಒಂದು ಸಾಲು ನಿಂತಿತ್ತು. ಟೊಪ್ಪಿ ಎಳೆದುಕೊಂಡು, ನಮಗೆ ಬೆನ್ನು ಮಾಡಿ, ಒಬ್ಬರ ಹಿಂದೊಬ್ಬರು. ನನಗೆ ಆದ ಸಮಾಧಾನವನ್ನು ಹೇಳಲಾರೆ. ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಿಧಾನಿಗಳ ಗುಂಪು ಬಂತು, ಅಷ್ಟೇ. ಇಬ್ಬರೂ ಸೇರಿ ಅಂಕಲನ್ನು ಎಬ್ಬಿಸಿ, ಎರಡು ಕಡೆ ಹೆಗಲು ಕೊಟ್ಟು, ಸಾಲಿನ ಹಿಂದೆ ಹೋಗಿ ನಿಂತೆವು. ಯಾರನ್ನೂ ಏನೂ ಕೇಳಲಿಲ್ಲ. ಸಿಂಗಪುರದಿಂದ ಬಂದ ಮೂವರು ಇನ್ನೇನು ಮಾಡಿಯಾರು!

ಸಾಲು ಎರಡು ಹೆಜ್ಜೆ ಸರಿಯಿತು, ನಿಂತಿತು. ಮತ್ತೆ ಮೂರು ಹೆಜ್ಜೆ, ಮತ್ತೆ ನಿಂತಿತು. ಊಟದ ಹೊತ್ತಿನ ಕ್ಯೂ ಸರಿಯುವ ಹಾಗೆಯೇ. ಅಂಕಲ್‌ಗೆ ಅದು ಹೇಳಿ ಮಾಡಿಸಿದ ವೇಗ, ಒಂದೇ ಸಮನೆ ನಡೆಯಲು ಅವರಿಂದ ಆಗುತ್ತಿರಲಿಲ್ಲ. ನನ್ನ ಮುಂದಿದ್ದವನು ನನಗಿಂತ ಒಂದೂವರೆ ಹೆಜ್ಜೆ ಮುಂದಿದ್ದ. "ನೀವು ಎರಡನೇ ಗುಂಪಿನವರೇ?" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅವನು ತಿರುಗಲಿಲ್ಲ. ಆ ಗಾಳಿಯಲ್ಲಿ ನನಗೇ ನನ್ನ ದನಿ ಕೇಳಿಸಿರಲಿಲ್ಲ, ಹಾಗಾಗಿ ಅದನ್ನೂ ತಪ್ಪಾಗಿ ತಿಳಿಯಲಿಲ್ಲ. ಭುಜ ತಟ್ಟಲು ಕೈ ಚಾಚಿದೆ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು.

ಕಾಲಕೆಳಗೆ ಜಲ್ಲಿ ಮುಗಿದು ಹಿಮ ಬಂತು. ಹೋಗುವಾಗ ನಾವು ಹಿಮದ ಮೇಲೆ ನಡೆದಿರಲಿಲ್ಲ. ಇದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಸಾಲು ಸ್ವಲ್ಪ ದೂರ ನೇರ ಹೋಗಿ, ಕಾರಣವೇ ಇಲ್ಲದೆ ಎಡಕ್ಕೆ ತಿರುಗಿತು. ಅದೇ ಹೊತ್ತಿಗೆ ಹಾರ್ನ್ ಕೇಳಿತು, ಬಲಗಡೆಯಿಂದ, ಸ್ಪಷ್ಟವಾಗಿ. ನಮ್ಮ ಹೆಗಲ ಮೇಲೆ ಒಬ್ಬ ಮನುಷ್ಯ ತಣ್ಣಗಾಗುತ್ತಿದ್ದಾನೆ, ಇವರು ಪಿಕ್ನಿಕ್ಕಿಗೆ ಬಂದವರ ಹಾಗೆ ಸುತ್ತು ಹೊಡೆಯುತ್ತಿದ್ದಾರೆ! ನನ್ನ ಕಾಲಿಗೆ ಇರುವೆ ಹತ್ತಿತು. ಅಂಕಲ್ ಭಾರವನ್ನು ವೀಣಾಳ ಮೇಲೆ ಬಿಟ್ಟು, ನೇರ ದಾರಿ ನೋಡುತ್ತೇನೆಂದು ಸಾಲು ಬಿಟ್ಟು ಬಲಕ್ಕೆ ಹೆಜ್ಜೆಯಿಟ್ಟೆ.

ವೀಣಾ ಹಿಂದಿನಿಂದ ಕಿರುಚಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹಾಗೆ ಕಿರುಚಿದ್ದು ಅದೊಂದೇ ಸಲ. "ಜೀವಮಾನದಲ್ಲಿ ಒಂದ್ಸಲನಾದ್ರೂ ಲೈನಲ್ಲಿ ನಿಂತ್ಕೊಳ್ರೀ!"

ನಿಂತೆ. ತಿರುಗಿ ನೋಡಿದೆ. ಸಾಲು ಮುಂದೆ ಹೋಗಿರಲಿಲ್ಲ. ಅಲ್ಲೇ ನಿಂತಿತ್ತು. ನನ್ನ ಮುಂದಿದ್ದವನ ಬೆನ್ನು ಮತ್ತು ವೀಣಾ ಅಂಕಲರ ನಡುವೆ ಒಬ್ಬ ಮನುಷ್ಯನಷ್ಟು ಜಾಗ ಖಾಲಿಯಿತ್ತು. ನಾಚಿಕೊಂಡು ಹೋಗಿ ಆ ಜಾಗದಲ್ಲಿ ನಿಂತೆ. ಆಮೇಲೆ ಸಾಲು ಸರಿಯಿತು.

ನಂತರ ಎಷ್ಟು ನಡೆದೆವೋ ಗೊತ್ತಿಲ್ಲ. ಮಂಜಿನಲ್ಲಿ ಒಂದು ಕೆಂಪು ಬೆಳಕು ಹರಡಿತು. ಕಾಲಕೆಳಗೆ ಉರುಟು ಕಲ್ಲು ಗರಗರ ಎಂದಿತು, ಪೆಟ್ರೋಲಿನ ವಾಸನೆ ಬಂತು. ಪೆಟ್ರೋಲಿನ ವಾಸನೆ ಅಷ್ಟು ಪರಿಮಳವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಉರಿಯುವ ಫ್ಲೇರ್ ಹಿಡಿದ ಎರಿಕ್ ಎದುರಿಗಿದ್ದ. ನಮ್ಮನ್ನು ನೋಡಿದವನೇ ರೇಡಿಯೋದಲ್ಲಿ ಕೂಗಿದ, "ಮೂವರೂ ಸಿಕ್ಕರು! ಮೂವರೂ!"

ನಮಗೂ ಅವನಿಗೂ ನಡುವೆ ಯಾರೂ ಇರಲಿಲ್ಲ.

ಆಗ ಯೋಚಿಸಲು ಸಮಯವಿರಲಿಲ್ಲ. ಗಾಳಿ ಹಿಮಗಡ್ಡೆಗಳನ್ನು ದಡಕ್ಕೆ ತಳ್ಳುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ದೋಣಿಯ ದಾರಿಯೇ ಮುಚ್ಚುತ್ತಿತ್ತು. ಅಂಕಲನ್ನು ಕಂಬಳಿಯಲ್ಲಿ ಸುತ್ತಿ ರಬ್ಬರ್ ದೋಣಿಯ ತಳದಲ್ಲಿ ಮಲಗಿಸಿದರು. ಗಡ್ಡೆಗಳನ್ನು ಹುಟ್ಟಿನಿಂದ ದೂಡುತ್ತ, ಅಲೆಗೆ ನೆಗೆಯುತ್ತ ಹೊರಟೆವು. "ನಮಗಿಂತ ಮುಂದೆ ಬಂದವರು ಯಾವ ದೋಣಿಯಲ್ಲಿ ಹೋದರು?" ಎಂದು ಎರಿಕ್‌ನನ್ನು ಕೇಳಿದೆ. ಅವನು ನನ್ನ ಕಣ್ಣುಗಳನ್ನೇ ನೋಡಿದ, ಚಳಿಗೆ ತಲೆ ಕೆಟ್ಟಿದೆಯೇ ಎಂದು ನೋಡುವ ಹಾಗೆ. "ಮುಂದೆ ಯಾರೂ ಬರಲಿಲ್ಲ. ಎಲ್ಲರೂ ಹಡಗು ಹತ್ತಿ ಒಂದು ಗಂಟೆಯಾಯಿತು. ಬೋರ್ಡಿನಲ್ಲಿ ಉಳಿದಿರುವುದು ಮೂರೇ ಕೆಂಪು."

ಮಂಜಿನೊಳಗಿಂದ ಹಡಗು ಕಣ್ಣಿಗೆ ಬಿದ್ದಾಗ ಅದರ ಕಂಬಿಯುದ್ದಕ್ಕೂ ಜನ ನಿಂತಿದ್ದರು. ವಾಂತಿ ಮಾಡಿಕೊಂಡು ನಾಲ್ಕು ದಿನ ಮುಖ ತೋರಿಸದವರೂ ಬಂದಿದ್ದರು. ಗುರುತು ಪರಿಚಯವಿಲ್ಲದವರು ಕೂಗಿದರು, ಚಪ್ಪಾಳೆ ಹೊಡೆದರು, ಯಾರೋ ಪಾತ್ರೆ ಬಡಿದರು. ಅಂಕಲನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ಯುತ್ತಿದ್ದಾಗ ಅವರು ಕಂಬಳಿಯಿಂದ ಕೈ ಹೊರತೆಗೆದು ಸ್ಟ್ರೆಚರನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಬೆರಳು ಮಡಚಲು ಬರುತ್ತಿರಲಿಲ್ಲ. ಅಂಗೈಯಿಂದಲೇ ತಳ್ಳಿ ತಮ್ಮ ಬಿಲ್ಲೆಯನ್ನು ತಾವೇ ಬಿಳಿಗೆ ತಿರುಗಿಸಿದರು. ನಮ್ಮಿಬ್ಬರದನ್ನು ಆಗಲೇ ತಿರುಗಿಸಿದ್ದೆವು, ಬೋರ್ಡು ಪೂರ್ತಿ ಬಿಳಿಯಾಯಿತು. ಅಂಥ ಗೆಲುವಿನ ಸದ್ದನ್ನು ನಾನು ಯಾವ ಸ್ಟೇಡಿಯಮ್ಮಿನಲ್ಲೂ ಕೇಳಿಲ್ಲ.

ಡಾಕ್ಟರು ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಎರಡು ಗಂಟೆಯಲ್ಲಿ ಅಂಕಲ್ ಎದ್ದು ಕೂತು, ಸೂಪು ಸಪ್ಪೆಯೆಂದು ಜಗಳ ತೆಗೆದು, ಅಡುಗೆಯವನಿಂದ ಮೆಣಸಿನಕಾಯಿ ತರಿಸಿಕೊಂಡರು. ವೀಣಾ ಆಗ ಅತ್ತಳು. ಅಲ್ಲಿಯ ತನಕ ಅತ್ತಿರಲಿಲ್ಲ. ನಗುತ್ತ ಅತ್ತಳು.

ನಾನು ಬರೆದಿಟ್ಟದ್ದು ಅದೂ ಆಗಿ ಎಷ್ಟೋ ಹೊತ್ತಿನ ಮೇಲೆ, ಅಂದರೆ ಸುಮಾರು ಆರು ಗಂಟೆ ತಡವಾಗಿ. ಅದಕ್ಕೂ ದೊಡ್ಡ ತಪ್ಪೆಂದರೆ, ಅಷ್ಟರಲ್ಲಿ ನಾವು ಮೂವರೂ ಆ ವಿಷಯ ಮಾತಾಡಿಬಿಟ್ಟಿದ್ದೆವು. ಬೇರೆಯವರಾಗಿದ್ದರೆ ನಾನು ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳದೆ ಬಿಡುತ್ತಿದ್ದೆನೇ? ಸಾಲಿನಲ್ಲಿ ಎಷ್ಟು ಜನರಿದ್ದರು ಎಂದರೆ ವೀಣಾ ಐದೋ ಆರೋ ಎನ್ನುತ್ತಾಳೆ. "ಭಾನುವಾರ ಬೆಳಿಗ್ಗೆ ಪರೋಟ ಅಂಗಡಿ ಮುಂದೆ ಇರ್ತಾರಲ್ಲ, ಅಷ್ಟು" ಎನ್ನುತ್ತಾರೆ ಅಂಕಲ್. ನನ್ನ ನೆನಪಿನಲ್ಲಿ ಏಳೆಂಟು ಜನ, ಕೊನೆ ಮಂಜಿನಲ್ಲಿ ಕರಗಿಹೋದ ಸಾಲು. ಆದರೆ ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ "ಮುಂದೆ ಮೂವರು" ಎಂದಿದೆ. ಕೈಗವಸು ಬಿಚ್ಚಿ ಫೋನಿನಲ್ಲಿ ಅವರ ಫೋಟೋ ತೆಗೆದೆ ಎಂದೂ ನನಗೆ ಚೆನ್ನಾಗಿ ನೆನಪಿದೆ, ಬೆರಳಿಗೆ ಚುಚ್ಚಿದ ಚಳಿ ಸಹಿತ. ಫೋನಿನಲ್ಲಿ ಅಂಥ ಫೋಟೋ ಇಲ್ಲ. ನಾನು ಕೈಗವಸು ಬಿಚ್ಚಲೇ ಇಲ್ಲ ಎನ್ನುತ್ತಾಳೆ ವೀಣಾ.

ಮೂವರು ಎಂದರೆ ನಮ್ಮದೇ ನೆರಳು ಮಂಜಿನ ಮೇಲೆ ಬಿದ್ದಿರಬಹುದು ಎಂದು ನಿಮಗೆ ಹೊಳೆಯುವ ಮುಂಚೆಯೇ ನನಗೆ ಹೊಳೆದಿದೆ. ಬೆಟ್ಟ ಹತ್ತುವವರು ಇಂಥದ್ದನ್ನು ಕಾಣುತ್ತಾರೆ. ಆದರೆ ಅದಕ್ಕೆ ಹಿಂದಿನಿಂದ ಬಿಸಿಲು ಬೇಕು, ನೆರಳಿಗೆ ಬಣ್ಣವಿರುವುದಿಲ್ಲ, ನೆರಳು ನಾವು ತಿರುಗುವ ಮುಂಚೆ ತಾನೇ ಎಡಕ್ಕೆ ತಿರುಗುವುದಿಲ್ಲ. ಚಳಿಗೆ ಮಿದುಳು ಕಟ್ಟಿದ ಭ್ರಮೆ ಎನ್ನಬಹುದು. ಆದರೆ ಒದ್ದೆಯಾದದ್ದು ಅಂಕಲ್ ಒಬ್ಬರೇ. ಅವರು ಕ್ಯೂ ಎಂದದ್ದರಿಂದ ನಾವು ಕ್ಯೂ ಕಂಡೆವು ಎನ್ನಬಹುದು. ನನಗೆ ಅತ್ಯಂತ ಇಷ್ಟವಾದ ವಿವರಣೆ ಅದೇ. ಮರುದಿನ ಬೆಳಿಗ್ಗೆಯ ತನಕ ಅದನ್ನೇ ಹಿಡಿದುಕೊಂಡಿದ್ದೆ.

ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ದಡದಲ್ಲಿ ಬಿಟ್ಟು ಬಂದಿದ್ದ ಸಾಮಾನು ತರಲು ಎರಿಕ್ ಹೋಗಿದ್ದ. ಬಂದವನು ನನ್ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ತನ್ನ ಫೋನು ತೋರಿಸಿದ. ದಿಬ್ಬದ ಮೇಲಿಂದ ತೆಗೆದ ಫೋಟೋ. ಬಿಳಿ ಹಿಮದ ಬಯಲು, ಅದರ ಮೇಲೆ ಮೂವರ ಹೆಜ್ಜೆಗುರುತು. ಒಂದಷ್ಟು ದೂರ ನೇರ, ಆಮೇಲೆ ಎಡಕ್ಕೆ ದೊಡ್ಡ ಬಾಗು, ಆಮೇಲೆ ದಡ. ಬಾಗಿನ ಬಲಗಡೆ, ನೇರ ಹೋಗಿದ್ದರೆ ನಾವು ನಡೆಯಬೇಕಿದ್ದ ಜಾಗದಲ್ಲಿ, ಹಿಮ ಕುಸಿದು ಒಂದು ಕಪ್ಪು ಬಾಯಿ ತೆರೆದಿತ್ತು. ಅಡಿಯಲ್ಲಿ ಕರಗಿದ ನೀರು ರಭಸವಾಗಿ ಹರಿಯುತ್ತಿತ್ತು. ರಾತ್ರಿ ಕುಸಿದಿರಬೇಕು ಎಂದ ಎರಿಕ್. ಹಿಂದಿನ ದಿನ ಅದರ ಮೇಲೆ ತೆಳ್ಳಗಿನ ಹಿಮದ ಚಾವಣಿಯಿದ್ದು, ಮಂಜಿಲ್ಲದಿದ್ದರೂ ಅದು ಕಣ್ಣಿಗೆ ಕಾಣುತ್ತಿರಲಿಲ್ಲವಂತೆ.

ಬಾಗಿನ ತುದಿಯಿಂದ ಒಬ್ಬನ ಹೆಜ್ಜೆ ಮಾತ್ರ ಹೊರಗೆ ಬಂದಿತ್ತು. ಬಲಕ್ಕೆ ಎರಡು ಹೆಜ್ಜೆ. ಅಲ್ಲಿ ನಿಂತು, ತಿರುಗಿ, ವಾಪಸು. ಇನ್ನೆರಡು ಹೆಜ್ಜೆಗೆ ಆ ಬಾಯಿ.

"ನೀವು ಇಲ್ಲಿ ಯಾಕೆ ಎಡಕ್ಕೆ ತಿರುಗಿದಿರಿ?" ಎಂದು ಕೇಳಿದ ಎರಿಕ್.

ಕ್ಯೂ ತಿರುಗಿತು, ಅದಕ್ಕೇ ಎಂದೆ. ಅವನು ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿ ನನ್ನ ಕೈಗೆ ಕೊಟ್ಟ. ನಮ್ಮ ಮೂವರ ಗುರುತು ಬಿಟ್ಟರೆ ಹಿಮ ಹೊಸ ಹಾಳೆಯ ಹಾಗಿತ್ತು. ಬೇರೆ ಯಾರೂ ನಡೆದಿರಲಿಲ್ಲ. ಆ ಫೋಟೋವನ್ನು ಅವನಿಂದ ಕೇಳಿ ಪಡೆದಿದ್ದೇನೆ. ಅದು ನೆನಪಲ್ಲ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ತೆಗೆದು ನೋಡುತ್ತೇನೆ. ಎಡಕ್ಕೆ ತಿರುಗಲು ಅದರಲ್ಲಿ ಯಾವ ಕಾರಣವೂ ಕಾಣುವುದಿಲ್ಲ.

ಮೂರ್ತಿ ಅಂಕಲ್ ಈಗ ನಮ್ಮ ಬ್ಲಾಕಿನ ಹೀರೋ. ಹಡಗಿನವರು ಕೊಟ್ಟ ಅರವತ್ತಮೂರನೇ ನಂಬರಿನ ಬಿಲ್ಲೆಯನ್ನು ಮನೆ ಬಾಗಿಲಿಗೆ ತೂಗುಹಾಕಿದ್ದಾರೆ, ಬಿಳಿ ಬದಿ ಹೊರಗೆ. ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನ ಬೆಂಚಿನಲ್ಲಿ ಕೂತು ಕೇಳಿದವರಿಗೂ ಕೇಳದವರಿಗೂ ಕತೆ ಹೇಳುತ್ತಾರೆ. ಅದು ಏನಿರಬಹುದು ಎಂದು ನಾನು ಪೀಡಿಸಿದರೆ, "ಏನಾದ್ರೂ ಇರ್ಲಿ ಲಾ. ಕ್ಯೂ ನಿಂತ್ವಿ, ನಮ್ಮ ಟರ್ನ್ ಬಂತು. ನಿನಗೆ ಅದರ ರಸೀದಿ ಬೇರೆ ಬೇಕಾ?" ಎಂದು ನಗುತ್ತಾರೆ. ಆದರೆ ಒಂದು ಗಮನಿಸಿದ್ದೇನೆ. ಭಾನುವಾರ ಪರೋಟ ಅಂಗಡಿಯಲ್ಲಿ ನಿಂತಾಗ ಅವರು ತಮ್ಮ ಮುಂದೆ ಒಬ್ಬ ಮನುಷ್ಯನಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಯಾಕೆಂದು ಕೇಳಿದರೆ ನಿನಗೆಷ್ಟು ಪರೋಟ ಎಂದು ಕೇಳುತ್ತಾರೆ.

ನಾನೂ ಈಗ ಕ್ಯೂನಲ್ಲಿ ನಿಲ್ಲುತ್ತೇನೆ, ವೀಣಾಳಿಗೆ ಅದೇ ದೊಡ್ಡ ಪವಾಡ. ಕಳೆದ ವಾರ ಕಾಕಿ ಬುಕಿತ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ನಿಂತಿದ್ದೆ. ಹಿಂದಿದ್ದ ಹೆಂಗಸು ನನ್ನ ಭುಜ ತಟ್ಟಿ, "ಅಂಕಲ್, ಯು ಕ್ಯೂಯಿಂಗ್ ಆರ್ ನಾಟ್?" ಎಂದರು. ನೋಡಿದರೆ ನನ್ನ ಮುಂದೆ ಒಂದೂವರೆ ಹೆಜ್ಜೆ ಜಾಗ ಖಾಲಿಯಿತ್ತು. ಯಾವಾಗಿನಿಂದ ಹಾಗೆ ಬಿಡುತ್ತಿದ್ದೇನೋ ನನಗೇ ತಿಳಿದಿರಲಿಲ್ಲ. ಹೌದು, ಕ್ಯೂನಲ್ಲೇ ಇದ್ದೇನೆ ಎಂದೆ. ಆದರೆ ಆ ಜಾಗಕ್ಕೆ ಕಾಲಿಡಲು ಮನಸ್ಸಾಗಲಿಲ್ಲ. ಸಾಲು ಸರಿದ ಮೇಲೆಯೇ ಸರಿದೆ.